ಮೊದಲ ಗಿಟಾರ್ ಪೆಡಲ್: ನೂರು ಶಬ್ದಗಳ ಪೆಟ್ಟಿಗೆಯೋ, ಒಂದೇ ಶಬ್ದದ್ದೋ?

ಮುಂಬೈ ಪಕ್ಕದ ಠಾಣೆ ನಗರದಲ್ಲಿದ್ದೀರಿ, ಎಲೆಕ್ಟ್ರಿಕ್ ಗಿಟಾರ್ ಹಿಡಿದು ಎರಡು ವರ್ಷವಾಗಿದೆ, ಕೈಯಲ್ಲಿ 10,000 ರೂಪಾಯಿ ಇದೆ. ನೂರು ಬಗೆಯ ಶಬ್ದ ಹೊರಡಿಸುವ ಮಲ್ಟಿ ಎಫೆಕ್ಟ್ ಕೊಳ್ಳಲೋ, ಒಂದೇ ಶಬ್ದದ ಪೆಡಲ್ (ಗಿಟಾರಿಗೂ ಆಂಪ್ಲಿಫೈಯರಿಗೂ ನಡುವೆ ಜೋಡಿಸಿ, ಕಾಲಿನಿಂದ ಒತ್ತಿ ದನಿ ಬದಲಿಸುವ ಪೆಟ್ಟಿಗೆ) ಕೊಳ್ಳಲೋ ಎಂದು ಕೇಳಿದ್ದೀರಿ. ಕೆಲವು ಹಳೆಯ ಪೆಡಲ್‌ಗಳ ಬೆಲೆ ಲಕ್ಷ ದಾಟುವುದೇಕೆ ಎಂಬುದು ನಿಮ್ಮ ಎರಡನೆಯ ಪ್ರಶ್ನೆ. ನಾನು ಡೊಂಬಿವಲಿಯವನು, ಹದಿನೈದು ವರ್ಷಗಳಿಂದ ಬಿಡುವಿನ ವೇಳೆಯಲ್ಲಿ ಪೆಡಲ್‌ಗಳನ್ನು ಬೆಸೆಯುತ್ತೇನೆ, ಗೆಳೆಯರದನ್ನು ರಿಪೇರಿ ಮಾಡಿಕೊಡುತ್ತೇನೆ. ನನ್ನ ಉತ್ತರ: ಒಂದೇ ಕೊಳ್ಳಿ, ದನಿಯನ್ನು ಹದವಾಗಿ ಒಡೆಯುವ ಓವರ್‌ಡ್ರೈವ್ ಕೊಳ್ಳಿ.

ನಮ್ಮ ಮನೆಯಲ್ಲಿ ಅಕ್ಕನ ತಂಬೂರಿ ಇತ್ತು, ಮಿರಜಿನದು. ಅವಳು ಪ್ರತಿದಿನ ಶ್ರುತಿ ಮಾಡಿದ ಮೇಲೆ ತಂತಿಗೂ ಅದು ಕೂರುವ ಕುದುರೆಗೂ ನಡುವೆ ಇರುವ ಹತ್ತಿಯ ಎಳೆಯನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತಿದ್ದಳು. ಒಂದು ಜಾಗದಲ್ಲಿ ತಂತಿ ಮೊಂಡಾಗಿ ನುಡಿಯುತ್ತದೆ. ಅಲ್ಲಿಂದ ತುಸು ಸರಿಸಿದರೆ ಝೇಂಕಾರ ಎದ್ದು, ಒಂದೇ ತಂತಿಯಿಂದ ಮೇಲಿನ ಸ್ವರಗಳೆಲ್ಲ ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ. ಆ ಎಳೆಗೆ ನಮ್ಮವರು ಇಟ್ಟ ಹೆಸರು ಜೀವಾಳ. ದನಿಯನ್ನು ಬೇಕೆಂದೇ ಒಡೆಯುವ ಫಜ್, ಓವರ್‌ಡ್ರೈವ್, ಡಿಸ್ಟಾರ್ಷನ್ ಪೆಡಲ್‌ಗಳು ಮಾಡುವುದು ಹೆಚ್ಚುಕಡಿಮೆ ಇದನ್ನೇ. ಗಿಟಾರಿನಿಂದ ಬರುವ ವಿದ್ಯುತ್ ಅಲೆಯ ನೆತ್ತಿಯನ್ನು ಕತ್ತರಿಸಿದಾಗ ಮೂಲದಲ್ಲಿ ಇಲ್ಲದ ಮೇಲಿನ ಸ್ವರಗಳು ಹುಟ್ಟುತ್ತವೆ. ಎಲ್ಲಿ ಕತ್ತರಿಸಬೇಕು, ಎಷ್ಟು ಚೂಪಾಗಿ, ಎಷ್ಟು ಮೆತ್ತಗೆ ಎಂದು ಒಬ್ಬ ಮನುಷ್ಯ ಕಿವಿಗೊಟ್ಟು ತೀರ್ಮಾನಿಸಿರುತ್ತಾನೆ. ನೀವು ಹಣ ಕೊಡುವುದು ಆ ಕಿವಿಗೆ.

ಇದರ ಆರಂಭವೇ ಒಂದು ಕೆಟ್ಟುಹೋದ ಯಂತ್ರದಿಂದ ಆಯಿತು. ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಗಾಯಕ ಮಾರ್ಟಿ ರಾಬಿನ್ಸ್ ಅವರ ಹಾಡಿಗೆ ಗ್ರೇಡಿ ಮಾರ್ಟಿನ್ ಆರು ತಂತಿಯ ಬಾಸ್ (ತಗ್ಗು ದನಿಯ ಗಿಟಾರ್) ನುಡಿಸುತ್ತಿದ್ದಾಗ, ಧ್ವನಿಮುದ್ರಣದ ಮಿಕ್ಸರ್‌ನ ಒಂದು ಚಾನೆಲ್ ಕೈಕೊಟ್ಟು ವಾದ್ಯದ ದನಿ ಒಡೆದು ಗೊರಗುಟ್ಟಿತು. ಅದನ್ನು ಅಳಿಸಿ ಮತ್ತೆ ಮುದ್ರಿಸಬಹುದಿತ್ತು; ಅವರು ಹಾಗೆಯೇ ಉಳಿಸಿಕೊಂಡರು. ಹಾಡು 1961ರಲ್ಲಿ ಗೆದ್ದಿತು. ಧ್ವನಿಮುದ್ರಣದ ಎಂಜಿನಿಯರ್ ಗ್ಲೆನ್ ಸ್ನಾಡಿ ಅದೇ ಗೊರಗು ಬೇಕೆಂದಾಗ ಬರುವಂತೆ ಟ್ರಾನ್ಸಿಸ್ಟರ್ ಎಂಬ, ವಿದ್ಯುತ್ ಅಲೆಯನ್ನು ಹಿಗ್ಗಿಸುವ ಪುಟ್ಟ ಬಿಡಿಭಾಗಗಳಿಂದ ಸರ್ಕ್ಯೂಟ್ ಕಟ್ಟಿ ಗಿಬ್ಸನ್ ಕಂಪನಿಗೆ ಒಯ್ದರು. 1962ರಲ್ಲಿ ಅದು ಮ್ಯಾಸ್ಟ್ರೊ ಫಜ್ ಟೋನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. 1965ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಕೀತ್ ರಿಚರ್ಡ್ಸ್ ಅದನ್ನು ಒಂದು ಹಾಡಿನ ಮೊದಲ ಸಾಲಿನಲ್ಲೇ ನುಡಿಸಿದ ಮೇಲೆ ಜಗತ್ತಿಗೆಲ್ಲ ಅದು ಬೇಕಾಯಿತು.

ನಾನು ಮೊದಲು ಕಟ್ಟಿದ್ದು ಫಜ್ ಫೇಸ್ ಮಾದರಿಯದು. 1966ರಲ್ಲಿ ಲಂಡನ್ನಿನ ಆರ್ಬಿಟರ್ ಕಂಪನಿ ತಂದ, ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಕಾಲಡಿಯಲ್ಲಿ ಇರುತ್ತಿದ್ದ ದುಂಡನೆಯ ಪೆಡಲ್. ಒಳಗೆ ಎರಡೇ ಎರಡು ಟ್ರಾನ್ಸಿಸ್ಟರ್. ಜರ್ಮೇನಿಯಂ ಎಂಬ ವಸ್ತುವಿನಿಂದ ಮಾಡಿದ ಹಳೆಯ ಟ್ರಾನ್ಸಿಸ್ಟರ್‌ಗಳನ್ನು ಗ್ರಾಂಟ್ ರೋಡ್ ಪಕ್ಕದ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆದು ಹುಡುಕಿದೆ. ಎರಡನೆಯ ಟ್ರಾನ್ಸಿಸ್ಟರಿನ ಕಲೆಕ್ಟರ್ ಎಂಬ ಕಾಲಿನಲ್ಲಿ ನಾಲ್ಕೂವರೆ ವೋಲ್ಟ್ ಬರುವಂತೆ ಹೊಂದಿಸಿದೆ. ಜನವರಿಯ ರಾತ್ರಿಯಲ್ಲಿ ಅದರ ದನಿ ತುಪ್ಪದಂತೆ ಇಳಿಯುತ್ತಿತ್ತು.

ಮೇ ತಿಂಗಳಿನಲ್ಲಿ ನಮ್ಮ ಕನ್ನಡ ಬಳಗದ ಒಂದು ಸಂಜೆ. ಭಾವಗೀತೆಗೆ ಗಿಟಾರ್ ಜೊತೆಗೂಡಿಸುವ ಆಸೆ. ಸಭಾಂಗಣದ ತಗಡಿನ ಮಾಡಿನ ಕೆಳಗೆ ಮಧ್ಯಾಹ್ನ ತಾಲೀಮು ಶುರು ಮಾಡಿದರೆ, ಸ್ವರ ಎದ್ದಷ್ಟೇ ಬೇಗ ಉಸಿರುಕಟ್ಟಿದಂತೆ ತುಂಡಾಗಿ ಸತ್ತುಹೋಗುತ್ತಿತ್ತು. ತಂತಿಗಳನ್ನು ಬದಲಿಸಿದೆ, ಬ್ಯಾಟರಿ ಬದಲಿಸಿದೆ. ಕೊನೆಗೆ ಮುಚ್ಚಳ ಬಿಚ್ಚಿ ಮೀಟರ್ ಇಟ್ಟಾಗ ವೋಲ್ಟೇಜ್ ತನ್ನ ಜಾಗದಿಂದ ಒಂದು ವೋಲ್ಟಿಗಿಂತ ಹೆಚ್ಚು ಜಾರಿತ್ತು. ಜರ್ಮೇನಿಯಂನ ಸ್ವಭಾವವೇ ಅದು: ಶಾಖ ಏರಿದಂತೆ ಸೋರುವ ವಿದ್ಯುತ್ ಏರುತ್ತದೆ, ಸುಮಾರು 10 ಡಿಗ್ರಿಗೊಮ್ಮೆ ಇಮ್ಮಡಿಯಾಗುತ್ತದೆ. ಪೆಡಲನ್ನು ಫ್ಯಾನಿನ ಕೆಳಗೆ ಇಟ್ಟು, ಟ್ರಾನ್ಸಿಸ್ಟರಿಗೆ ಒದ್ದೆ ಬಟ್ಟೆಯ ತುದಿಯನ್ನು ಮುಟ್ಟಿಸಿ ಹಿಡಿದೆ. ಮೀಟರಿನ ಅಂಕಿ ನನ್ನ ಕಣ್ಣೆದುರೇ ಮೆಲ್ಲನೆ ಹಿಂದಕ್ಕೆ ನಡೆಯಿತು, ದನಿಗೆ ಉಸಿರು ಬಂತು. ಲಂಡನ್ನಿನ ಚಳಿಗೆ ಕಟ್ಟಿದ ಸರ್ಕ್ಯೂಟಿಗೆ ನಮ್ಮ ಬೇಸಿಗೆ ಏನು ಮಾಡುತ್ತದೆ ಎಂಬುದನ್ನು ಆ ದಿನ ಬೆರಳಿನಲ್ಲೇ ಕಲಿತೆ. ಈಗ ಅದರಲ್ಲಿ BC547 ಎಂಬ ಸಿಲಿಕಾನ್ ಟ್ರಾನ್ಸಿಸ್ಟರ್ ಇದೆ, ಚಿಲ್ಲರೆ ಕಾಸಿನ ಸಾಮಾನು. ದನಿ ಸ್ವಲ್ಪ ಚೂಪು, ಆದರೆ ಮೇ ತಿಂಗಳಿಗೆ ಅಂಜುವುದಿಲ್ಲ.

ಇನ್ನೊಂದು ಸಂಗತಿಯನ್ನು ಅದೇ ಪೆಡಲ್ ಕಲಿಸಿತು, ನಿಮಗೆ ಹೇಳಲೇಬೇಕಾದದ್ದು. ಗಿಟಾರಿನ ಮೇಲಿರುವ ವಾಲ್ಯೂಮ್ ಗುಂಡಿಯನ್ನು ಹೆಚ್ಚಿನವರು ಪೂರ್ತಿ ತಿರುಗಿಸಿಟ್ಟು ಮರೆತುಬಿಡುತ್ತಾರೆ. ಫಜ್ ಫೇಸ್ ಮುಂದೆ ಅದನ್ನು ತುಸು ಇಳಿಸಿ ನೋಡಿ, ಘರ್ಜನೆ ಕರಗಿ ಗಾಜಿನಂಥ ತಿಳಿದನಿ ಬರುತ್ತದೆ. ಈ ಸರ್ಕ್ಯೂಟ್, ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಗಿಟಾರಿನ ಪಿಕಪ್‌ನ ಸುರುಳಿಯನ್ನೇ ತನ್ನ ಭಾಗವಾಗಿ ಮಾಡಿಕೊಂಡಿರುತ್ತದೆ, ಆದ್ದರಿಂದ ಗುಂಡಿಯ ಸಣ್ಣ ಚಲನೆಗೂ ಸ್ಪಂದಿಸುತ್ತದೆ. ನಡುವೆ ಬಫರ್ (ಹಿಂದಿನ, ಮುಂದಿನ ಸರ್ಕ್ಯೂಟುಗಳನ್ನು ಬೇರೆಯಾಗಿಡುವ ಭಾಗ) ಇರುವ ಪೆಡಲ್ ಸೇರಿಸಿದರೆ ಆ ನಂಟು ಕಡಿದುಹೋಗುತ್ತದೆ. ಬಾಸ್ (BOSS) ಕಂಪನಿಯ ಸಣ್ಣ ಪೆಡಲ್‌ಗಳಲ್ಲಿ ಆಫ್ ಮಾಡಿದಾಗಲೂ ಬಫರ್ ಕೆಲಸ ಮಾಡುತ್ತಲೇ ಇರುತ್ತದೆ. ಹೀಗಾಗಿ ಫಜ್ ಕೊಂಡರೆ ಗಿಟಾರಿನ ಪಕ್ಕದಲ್ಲೇ, ಎಲ್ಲಕ್ಕಿಂತ ಮೊದಲು ಇರಲಿ.

ಹಾಗಾದರೆ ನಿಮಗೆ ಫಜ್ ಏಕೆ ಬೇಡ, ಓವರ್‌ಡ್ರೈವ್ ಏಕೆ? ಬೇರೆಯವರೊಂದಿಗೆ ಸೇರಿ ನುಡಿಸುವಾಗ ಅದು ನಿಮ್ಮನ್ನು ಮುಳುಗಗೊಡುವುದಿಲ್ಲ. ಜಪಾನಿನಲ್ಲಿ ಮ್ಯಾಕ್ಸನ್ ಕಂಪನಿಯ ಸುಸುಮು ತಮುರಾ 1970ರ ದಶಕದ ಕೊನೆಯಲ್ಲಿ ರೂಪಿಸಿದ, ಐಬನೆಜ್ ಹೆಸರಿನಲ್ಲಿ ಮಾರಾಟವಾದ ಹಸಿರು ಟ್ಯೂಬ್ ಸ್ಕ್ರೀಮರ್ ಈ ಜಾತಿಯ ಹಿರಿಯ. ಅದರಲ್ಲಿ ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್‌ಗಳು ಆಂಪ್ಲಿಫೈಯರ್ ಚಿಪ್‌ನ ಹಿಂಬರುವ ದಾರಿಯಲ್ಲಿ ಕುಳಿತಿರುವುದರಿಂದ ಅಲೆಯ ನೆತ್ತಿ ಕತ್ತರಿಸುವ ಬದಲು ದುಂಡಗಾಗುತ್ತದೆ. ತಗ್ಗಿನ ದನಿ ತಗ್ಗಿ ನಡುವಿನ ದನಿ ಉಬ್ಬುತ್ತದೆ. ಒಂಟಿಯಾಗಿ ಕೋಣೆಯಲ್ಲಿ ಕೇಳಿದರೆ ತೆಳುವೆನಿಸಬಹುದು; ಡ್ರಮ್, ಬಾಸ್ ಸೇರಿದೊಡನೆ ಅದೇ ನಡುವಿನ ಉಬ್ಬು ಗಿಟಾರನ್ನು ಮುಂದಕ್ಕೆ ತರುತ್ತದೆ. ಅಮೆರಿಕದ ಗಿಟಾರ್ ವಾದಕ ಸ್ಟೀವಿ ರೇ ವಾನ್ ಅದರ ಡ್ರೈವ್ (ದನಿ ಒಡೆಯುವ ಪ್ರಮಾಣ) ತಗ್ಗಿಸಿ, ಲೆವೆಲ್ (ಹೊರಬರುವ ಬಲ) ಏರಿಸಿ ಆಂಪ್ಲಿಫೈಯರನ್ನೇ ಮುಂದಕ್ಕೆ ತಳ್ಳುತ್ತಿದ್ದರು. ಇದೇ ಸರ್ಕ್ಯೂಟಿನ ಒಳ್ಳೆಯ ನಕಲುಗಳು ನಿಮ್ಮ ಹಣದೊಳಗೆ ಬರುತ್ತವೆ. ಮಲ್ಟಿ ಎಫೆಕ್ಟ್ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಆದರೆ ನೂರು ಶಬ್ದಗಳ ನಡುವೆ ಅಲೆಯುವವರು ಒಂದು ಗುಂಡಿಯನ್ನು ಕೂದಲೆಳೆಯಷ್ಟು ಸರಿಸಿ ಕೇಳುವ ತಾಳ್ಮೆ ಕಳೆದುಕೊಳ್ಳುವುದನ್ನು ಕಂಡಿದ್ದೇನೆ.

ಬೆಲೆಯ ವಿಚಾರ. ಬಿಲ್ ಫಿನೆಗನ್ 1994ರಿಂದ ಕ್ಲಾನ್ ಸೆಂಟಾರ್ ಎಂಬ ಓವರ್‌ಡ್ರೈವನ್ನು ಕೈಯಾರೆ ಕಟ್ಟಿದರು, ಒಟ್ಟು ಸುಮಾರು 8,000. ಯಾರೂ ನಕಲು ಮಾಡದಿರಲೆಂದು ಸರ್ಕ್ಯೂಟಿನ ಮೇಲೆ ಗಟ್ಟಿಯಾಗುವ ಕಪ್ಪು ಎಪಾಕ್ಸಿ ಅಂಟು ಸುರಿದರು. ಇಂದು ಅದರ ಬೆಲೆ ಸಾವಿರಾರು ಡಾಲರ್. ಆ ಹಣದ ಹೆಚ್ಚಿನ ಪಾಲು ಅಪರೂಪಕ್ಕೆ ಸಲ್ಲುತ್ತದೆ, ದನಿಗಲ್ಲ. ಆಮೇಲೆ ತಂದ ಮಾದರಿಯ ಮೇಲೆ ಈ ಅತಿರೇಕದ ಅಬ್ಬರ ತನ್ನ ಸೃಷ್ಟಿಯಲ್ಲ ಎಂಬರ್ಥದ ಸಾಲನ್ನು ಫಿನೆಗನ್ ಅವರೇ ಅಚ್ಚುಹಾಕಿಸಿದರು. ಅವರ ಬಗ್ಗೆ ನನಗೆ ಗೌರವ ಹೆಚ್ಚಿದ್ದು ಆಗ. ಮುಂದೆ ಹಣ ಕೂಡಿದಾಗ ದೂರ ಹೋಗಬೇಕಿಲ್ಲ. ಮುಂಬೈಯಲ್ಲೇ ಆದಿತ್ಯ ನಂದ್ವಾನ ಕಟ್ಟಿದ ಅನಿಮಲ್ ಫ್ಯಾಕ್ಟರಿ ಆಂಪ್ಲಿಫಿಕೇಶನ್ ಇದೆ, ಅವರ ಪೆಡಲ್‌ಗಳನ್ನು ವಿದೇಶದವರೂ ಕೊಳ್ಳುತ್ತಾರೆ.

ಕೊಳ್ಳಲು ಹೋಗುವಾಗ ನಿಮ್ಮದೇ ಗಿಟಾರ್ ಒಯ್ಯಿರಿ, ಅಂಗಡಿಯ ದುಬಾರಿ ಗಿಟಾರಿನಲ್ಲಿ ಕೇಳಿ ತೀರ್ಮಾನಿಸಬೇಡಿ. 9 ವೋಲ್ಟಿನ ಅಡಾಪ್ಟರ್, ಪ್ಲಗ್ಗಿನ ನಡುಭಾಗ ಋಣ (ಮೈನಸ್) ಇರುವಂಥದ್ದೇ ಆಗಿರಲಿ. ಮೊಬೈಲ್ ಚಾರ್ಜರ್‌ನಂಥ ಅಗ್ಗದ್ದನ್ನು ಜೋಡಿಸಿದರೆ ಗುಂಯ್‌ಗುಡುವುದನ್ನು ಪೆಡಲಿನ ದೋಷವೆಂದು ತಿಳಿಯುತ್ತೀರಿ. ಜೂನ್ ಬಂದ ಮೇಲೆ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ, ವಾರಕ್ಕೊಮ್ಮೆ ಎಲ್ಲ ಗುಂಡಿಗಳನ್ನು ಈ ತುದಿಯಿಂದ ಆ ತುದಿಗೆ ಹತ್ತು ಬಾರಿ ತಿರುಗಿಸಿ. ನಮ್ಮ ಕಡಲ ಗಾಳಿಗೆ ಅವು ಬೇಗ ಕರಕರ ಎನ್ನತೊಡಗುತ್ತವೆ.