ಪಾತ್ರಗಳು ನರಳುವ ಕತೆ ನಮಗೆ ಯಾಕೆ ಅಷ್ಟು ಹಿಡಿಸುತ್ತದೆ?

ನೋವಿನ ಬೆನ್ನಿಗೇ ಬರುವ ಆರೈಕೆಗಾಗಿ. ಸಿನಿಮಾ, ಪುಸ್ತಕಗಳ ಅಭಿಮಾನಿಗಳು ಅದರ ಪಾತ್ರಗಳನ್ನೇ ಇಟ್ಟುಕೊಂಡು ಬರೆಯುವ ಕತೆಗಳಲ್ಲಿ ಇದಕ್ಕೆ ‘ಹರ್ಟ್-ಕಂಫರ್ಟ್’ ಅಂತಲೇ ಹೆಸರಿದೆ: ಒಬ್ಬರು ನರಳುತ್ತಾರೆ, ಇನ್ನೊಬ್ಬರು ಸಂತೈಸುತ್ತಾರೆ.

ಬಿಗುಮಾನದ ಮನುಷ್ಯ ಸುಮ್ನೆ ಯಾರಿಂದಲೂ ಸೇವೆ ಮಾಡಿಸಿಕೊಳ್ಳುವುದಿಲ್ಲ, ಅಲ್ವಾ? ಜ್ವರ ಬಂದು ಮಲಗಿದಾಗ ಮಾತ್ರ ಬೇರೆ ದಾರಿ ಇರುವುದಿಲ್ಲ. ಬಾಯಿಬಿಟ್ಟು ಹೇಳಲಾಗದ ಪ್ರೀತಿ ಆಗ ಒದ್ದೆ ಬಟ್ಟೆಯಾಗಿ ಹಣೆಯ ಮೇಲೆ ಕೂರುತ್ತದೆ. ಕತೆಗಾರರಿಗೆ ನೋವು ಬೇಕಾಗುವುದು ಹೆಚ್ಚಾಗಿ ಈ ಬಾಗಿಲು ತೆಗೆಯಲಿಕ್ಕೆ.

ದಾವಣಗೆರೆಯ ನಮ್ಮ ಮನೆಯಲ್ಲಿ ಸಂಜೆ ಧಾರಾವಾಹಿ ಹಾಕಿದರೆ ಅಜ್ಜಿ ಕಾಯುವುದೂ ಇದನ್ನೇ. ಧಾರಾವಾಹಿಯ ಸೊಸೆ ಅಳುವಾಗ ಅಜ್ಜಿ ಮಂಡಕ್ಕಿ ತಿನ್ನುತ್ತಲೇ ಇರುತ್ತಾಳೆ. ಮಾತು ಬಿಟ್ಟಿದ್ದ ಗಂಡ ಗಂಜಿ ಹಿಡಿದು ಬಂದಾಗ ಅಜ್ಜಿಯ ಕೈ ನಿಲ್ಲುತ್ತದೆ. ಗಂಜಿ ಬರಲೇ ಇಲ್ಲ ಅಂದ್ರೆ ಬರೀ ಗೋಳು. ಅಜ್ಜಿ ಚಾನೆಲ್ ಬದಲಿಸುತ್ತಾಳೆ.