ಕಂಬಿ ಹಿಡಿಯಿರಿ, ಕಿಟಕಿ ತೆರೆಯಿರಿ

ಓದುಗರೊಬ್ಬರ ಪತ್ರ: "ಬಸ್ಸಿನ ಕಂಬಿಯಲ್ಲಿ ಶೌಚಾಲಯದ ಸೀಟಿಗಿಂತ ಹೆಚ್ಚು ಬ್ಯಾಕ್ಟೀರಿಯಾ ಇರುತ್ತವೆ ಎಂದು ಓದಿದಾಗಿನಿಂದ ಏನನ್ನೂ ಮುಟ್ಟದೆ ನಿಂತೇ ಓಡಾಡುತ್ತಿದ್ದೇನೆ. ಪ್ರತಿ ಟ್ರಿಪ್ ಮುಗಿದ ಮೇಲೂ ಬಸ್ಸಿಗೆ ಸೋಂಕುನಿವಾರಕ ಸಿಂಪಡಿಸಬೇಕೆಂದು ನಿಮ್ಮ ಪತ್ರಿಕೆ ಏಕೆ ಒತ್ತಾಯಿಸಬಾರದು?"

ಸಂಪಾದಕರ ಉತ್ತರ: ದಯವಿಟ್ಟು ಮೊದಲು ಕಂಬಿ ಹಿಡಿದುಕೊಳ್ಳಿ. ದಿಢೀರ್ ಬ್ರೇಕ್ ಬಿದ್ದಾಗ ಕೈಬಿಟ್ಟು ನಿಂತವರು ಮುಗ್ಗರಿಸಿ ಬಿದ್ದರೆ ಆಗುವ ಅನಾಹುತ ಕಂಬಿಯಿಂದ ಆಗುವುದಿಲ್ಲ. ಸಾರ್ವಜನಿಕ ವಿಷಯಕ್ಕೆ ಇಷ್ಟು ಕಾಳಜಿಯಿಂದ ಬರೆಯುವವರು ಕಡಿಮೆ, ಅದಕ್ಕೇ ನಿಮ್ಮನ್ನು ನೇರವಾಗಿ ಗದರುತ್ತಿದ್ದೇನೆ.

ನಿಮ್ಮ ಭಯಕ್ಕೆ ಬುಡವೇ ಇಲ್ಲ ಎನ್ನುವುದಿಲ್ಲ. ವಾಂತಿ-ಭೇದಿ ತರುವ ನೊರೊವೈರಸ್ ಗಟ್ಟಿ ಮೇಲ್ಮೈಗಳ ಮೇಲೆ ದಿನಗಟ್ಟಲೆ ಉಳಿಯಬಲ್ಲದು. ಸ್ಯಾನಿಟೈಸರಿಗೂ ಅದು ಸುಲಭಕ್ಕೆ ಬಗ್ಗುವುದಿಲ್ಲ. ಅದಕ್ಕೆ ಸೋಪು-ನೀರೇ ಸರಿ: ಇಳಿದ ಮೇಲೆ, ಏನಾದರೂ ತಿನ್ನುವ ಮೊದಲು, 20 ಸೆಕೆಂಡು, ಹೆಬ್ಬೆರಳನ್ನೂ ಉಗುರಿನ ಸಂದಿಯನ್ನೂ ಬಿಡದೆ. ನೀರು ಸಿಗದಿದ್ದರೆ ಕನಿಷ್ಠ 60% ಆಲ್ಕೋಹಾಲ್ ಇರುವ ಸ್ಯಾನಿಟೈಸರನ್ನು ಎರಡೂ ಕೈ ಪೂರ್ತಿ ಒದ್ದೆಯಾಗುವಷ್ಟು ಹಾಕಿ, ತಾನಾಗಿ ಆರುವ ತನಕ ಉಜ್ಜಿ. ಆರುವ ಮೊದಲೇ ಬಟ್ಟೆಗೆ ಒರೆಸಿಕೊಂಡರೆ ಹಾಕಿದ್ದು ದಂಡ.

ಇನ್ನು ಆ ಶೌಚಾಲಯದ ಲೆಕ್ಕ. ಇಂಥ ವರದಿಗಳು ಬ್ಯಾಕ್ಟೀರಿಯಾ ಎಷ್ಟಿವೆ ಎಂದು ಹೇಳುತ್ತವೆಯೇ ಹೊರತು ಯಾವುವು ಎಂದು ಹೇಳುವುದಿಲ್ಲ. ಬೋಸ್ಟನ್ನಿನ ಸುರಂಗ ರೈಲಿನ ಕಂಬಿ, ಸೀಟು, ಟಿಕೆಟ್ ಯಂತ್ರಗಳನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಿಕ್ಕಿದ್ದು ಬಹುಪಾಲು ನಮ್ಮ ಚರ್ಮದಲ್ಲೂ ಬಾಯಲ್ಲೂ ಸದಾ ಇರುವ ನಿರುಪದ್ರವಿ ಜೀವಿಗಳೇ. ಅದಕ್ಕೂ ಹಿಂದಿನ ವರ್ಷ ನ್ಯೂಯಾರ್ಕಿನ ರೈಲಿನಲ್ಲಿ ಪ್ಲೇಗು, ಆಂಥ್ರಾಕ್ಸ್ ಕುರುಹು ಸಿಕ್ಕಿತೆಂದು ದೊಡ್ಡ ಸುದ್ದಿಯಾಯಿತು. ಸಿಕ್ಕಿದ್ದದ್ದು ಡಿಎನ್‌ಎ ತುಣುಕುಗಳು. ಅವು ಆ ರೋಗಾಣುಗಳದ್ದೇ ಎನ್ನಲು ಆಧಾರ ಸಾಲದೆಂದು ಸಂಶೋಧಕರೇ ಪ್ರಬಂಧವನ್ನು ತಿದ್ದಿದರು. ಸುದ್ದಿ ಓದಿದವರಲ್ಲಿ ಎಷ್ಟು ಜನಕ್ಕೆ ಆ ತಿದ್ದುಪಡಿ ತಲುಪಿತು? ಸುದ್ದಿಮನೆಗಳ ಮೇಲೆ ನನಗಿರುವ ದೊಡ್ಡ ಬೇಸರ ಇದೇ.

ನೀವು ಹೆದರಬೇಕಾದದ್ದು ಉಸಿರಿಗೆ. ಕ್ಷಯದ ಬ್ಯಾಕ್ಟೀರಿಯಾ ಕಂಬಿಯಿಂದ ಬರುವುದಿಲ್ಲ. ರೋಗಿ ಕೆಮ್ಮಿದಾಗ, ಮಾತಾಡಿದಾಗ ಹೊರಬಿದ್ದ ಸೂಕ್ಷ್ಮ ಕಣಗಳಲ್ಲಿ ಗಂಟೆಗಟ್ಟಲೆ ತೇಲುತ್ತದೆ. ದಡಾರವೂ ಗಾಳಿಯಲ್ಲೇ ಹರಡುತ್ತದೆ. 2020ರ ಜನವರಿಯಲ್ಲಿ ಚೀನಾದ ನಿಂಗ್ಬೋದಲ್ಲಿ ಒಂದೇ ಸಮಾರಂಭಕ್ಕೆ ಎರಡು ಬಸ್ಸು ಹೊರಟವು. ಒಂದರಲ್ಲಿ 68 ಜನ, ಅವರಲ್ಲೊಬ್ಬರಿಗೆ ಕೋವಿಡ್. ಏಸಿ ಒಳಗಿನ ಗಾಳಿಯನ್ನೇ ತಿರುಗಿಸುತ್ತಿತ್ತು. ಹೋಗಿ ಬರಲು ಒಟ್ಟು ನೂರು ನಿಮಿಷ. ಇನ್ನೂ 23 ಜನಕ್ಕೆ ಸೋಂಕು ತಗುಲಿತು, ಹಲವು ಸಾಲು ದೂರ ಕೂತವರಿಗೂ. ತೆರೆಯುವ ಕಿಟಕಿಗಳ ಬಳಿ ಕೂತವರಲ್ಲಿ ಸೋಂಕಾದದ್ದು ಒಬ್ಬರಿಗೆ ಮಾತ್ರ. ಇನ್ನೊಂದು ಬಸ್ಸಿನ 60 ಜನರಲ್ಲಿ ಯಾರಿಗೂ ಬರಲಿಲ್ಲ.

ಗಾಳಿಯನ್ನು ಅಳೆಯುವುದೂ ಕಷ್ಟವಲ್ಲ, ಅಂಗೈಯಗಲದ ಇಂಗಾಲದ ಡೈಆಕ್ಸೈಡ್ ಮೀಟರ್ ಸಾಕು. ಬಯಲಿನಲ್ಲಿ ಅದು ಸುಮಾರು 420 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 420 ಪಾಲು) ತೋರಿಸುತ್ತದೆ. ನಾವು ಬಿಡುವ ಉಸಿರಲ್ಲಿ ಇರುವುದು ಸುಮಾರು 40,000. ಹಾಗಾಗಿ ಮುಚ್ಚಿದ ಬಸ್ಸಿನಲ್ಲಿ ಮೀಟರ್ 2000 ಎಂದರೆ, ಬಯಲಿಗಿಂತ ಹೆಚ್ಚಿರುವ ಸುಮಾರು 1,600 ಬಂದದ್ದು ಉಸಿರಿನಿಂದ; ಅಂದರೆ ನೀವು ಎಳೆದುಕೊಳ್ಳುತ್ತಿರುವ ಗಾಳಿಯಲ್ಲಿ ಹತ್ತಿರ ಹತ್ತಿರ 4% ಆಗಲೇ ಯಾರದೋ ಶ್ವಾಸಕೋಶ ಹೊಕ್ಕು ಬಂದದ್ದು. ಕಿಟಕಿ ತೆರೆದರೆ ಅಂಕಿ ಇಳಿಯುವುದು ಕಣ್ಣೆದುರೇ ಕಾಣುತ್ತದೆ. ಮುಂದೊಂದು, ಹಿಂದೊಂದು ತೆರೆಯಿರಿ. ಒಂದನ್ನೇ ತೆರೆದರೆ ಗಾಳಿ ಬರಲು ದಾರಿಯಿದ್ದರೂ ಹೋಗಲು ಇರುವುದಿಲ್ಲ.

ಸಿಂಪಡಣೆ ಈ ಅಂಕಿಯನ್ನು ಒಂದಿಷ್ಟೂ ಇಳಿಸದು. ಮೇಲ್ಮೈ ಮಟ್ಟಿಗೂ ಅದು ಅರೆಬರೆ ಕೆಲಸ: ಜಿಡ್ಡು, ಧೂಳು ಇದ್ದಲ್ಲಿ ಬ್ಲೀಚಿನ ಶಕ್ತಿ ಕೊಳೆಯ ಮೇಲೇ ಖರ್ಚಾಗುತ್ತದೆ. ಮೊದಲು ಸೋಪುನೀರಲ್ಲಿ ಒರೆಸಬೇಕು. ಆಮೇಲೆ 5% ಬ್ಲೀಚಿನ ಒಂದು ಪಾಲಿಗೆ 49 ಪಾಲು ನೀರು ಬೆರೆಸಿದ 0.1% ದ್ರಾವಣ ಹಚ್ಚಿ, ಕೆಲವು ನಿಮಿಷ ಮೇಲ್ಮೈ ಒದ್ದೆಯಾಗೇ ಇರುವಂತೆ ಬಿಡಬೇಕು. ಎರಡು ಟ್ರಿಪ್ ನಡುವಿನ ಅವಸರದಲ್ಲಿ ಇದಾಗುವುದೇ? ಆ ಹೊಗೆಯನ್ನು ದಿನವಿಡೀ ಕುಡಿಯುವ ಸಫಾಯಿ ಕೆಲಸಗಾರರ ಎದೆಯ ಗತಿಯೇನು? ಆದರೂ ಆಡಳಿತಗಳಿಗೆ ಸಿಂಪಡಣೆಯೇ ಪ್ರಿಯ, ಏಕೆಂದರೆ ಅದು ಫೋಟೊದಲ್ಲಿ ಕಾಣುತ್ತದೆ. ಏಸಿಯಲ್ಲಿ ಬದಲಿಸಿದ ಗಾಳಿ ಸೋಸುವ ಫಿಲ್ಟರ್ ಕಾಣುವುದಿಲ್ಲ.

ಮತ್ತೆ, ಜ್ವರ ಬಂದವರು ಬೆಳಗಿನ ಬಸ್ಸು ಹತ್ತುವುದಾದರೂ ಏಕೆ? ಬಹಳ ಜನಕ್ಕೆ ರಜೆ ಹಾಕಿದರೆ ಆ ದಿನದ ಸಂಬಳವಿಲ್ಲ. ಕೆಮ್ಮುತ್ತಲೇ ಹಾಜರಾಗುವವರನ್ನು ನಿಷ್ಠಾವಂತರೆಂದು ಹೊಗಳುವ ಕಚೇರಿಗಳೂ ಬಸ್ಸಿನ ಸೋಂಕಿಗೆ ಹೊಣೆ.

ಆದ್ದರಿಂದ ನಿಮ್ಮ ಬೇಡಿಕೆಯನ್ನು ಹಾಗೆಯೇ ಬೆಂಬಲಿಸಲಾರೆ. ಸಾರಿಗೆ ಆಡಳಿತಕ್ಕೆ ಮೂರು ಪ್ರಶ್ನೆ ಬರೆಯಿರಿ: ಏಸಿ ಹೊರಗಿನ ಗಾಳಿ ಎಷ್ಟು ಎಳೆಯುತ್ತದೆ, ಫಿಲ್ಟರ್ ಕೊನೆಯ ಸಲ ಬದಲಿಸಿದ್ದು ಯಾವಾಗ, ಹೊಸ ಬಸ್ಸುಗಳ ಕಿಟಕಿ ತೆರೆಯಲು ಬರುತ್ತವೆಯೇ? ಬಂದ ಉತ್ತರವನ್ನು ನಮಗೆ ಕಳಿಸಿ, ಇದೇ ಪುಟದಲ್ಲಿ ಅಚ್ಚುಹಾಕುತ್ತೇವೆ.