ಪ್ರಮಾಣ ಒಂದೇ ಆದರೂ ಹಾನಿ ಬೇರೆಯೇಕೆ?

ಪ್ರಶ್ನೆ: ಒಂದು ಕಿಲೋಗ್ರಾಂ ವಸ್ತುವಿನಲ್ಲಿ ಒಂದು ಜೂಲ್ ಶಕ್ತಿ ಸೇರಿದರೆ ಅದು 1 ಗ್ರೇ ವಿಕಿರಣ ಎಂದು ಓದಿದ್ದೇನೆ. ಆ ಶಕ್ತಿ ಗಾಮಾ ಕಿರಣದಿಂದ ಬಂದರೇನು, ಕಬ್ಬಿಣದ ಅಯಾನಿನಿಂದ, ಅಂದರೆ ವಿದ್ಯುದಾವೇಶವುಳ್ಳ ಪರಮಾಣುವಿನಿಂದ, ಬಂದರೇನು? ಇಂಥ ಭಾರ ಅಯಾನುಗಳು ವರ್ಣತಂತುಗಳನ್ನು ಹೆಚ್ಚು ಕೆಡಿಸುತ್ತವೆ ಎನ್ನುವುದೇಕೆ?

ಉತ್ತರ: ಗ್ರೇ ಎಂಬ ಮಾನವು ಎಷ್ಟು ಶಕ್ತಿ ಸಂದಿತು ಎಂಬುದನ್ನಷ್ಟೇ ಹೇಳುತ್ತದೆ, ಆ ಶಕ್ತಿ ಕೋಶದೊಳಗೆ ಹೇಗೆ ಹಂಚಿಹೋಯಿತು ಎಂಬುದನ್ನು ಹೇಳುವುದಿಲ್ಲ. ವರ್ಣತಂತುವಿನ ಪಾಲಿಗೆ ಮುಖ್ಯವಾದದ್ದು ಈ ಹಂಚಿಕೆಯೇ. 1 ಗ್ರೇ ಗಾಮಾ ವಿಕಿರಣ ಬಿದ್ದಾಗ ಸಾವಿರಕ್ಕೂ ಹೆಚ್ಚು ಎಲೆಕ್ಟ್ರಾನ್‌ಗಳ ಜಾಡುಗಳು ಒಂದು ಕೋಶಕೇಂದ್ರವನ್ನು ಜಿನುಗು ಮಳೆಯಂತೆ ಹಾದುಹೋಗುತ್ತವೆ. ಅಷ್ಟೇ ಶಕ್ತಿಯನ್ನು ಪ್ರತಿ ಮೈಕ್ರೋಮೀಟರಿಗೆ 150 ಕಿಲೋ ಎಲೆಕ್ಟ್ರಾನ್ ವೋಲ್ಟ್ (ಶಕ್ತಿಯ ಅತಿ ಸಣ್ಣ ಮಾನ) ಸುರಿಯುವ ಕಬ್ಬಿಣದ ಅಯಾನುಗಳು ತಂದರೆ, 100 ಚದರ ಮೈಕ್ರೋಮೀಟರ್ ವಿಸ್ತಾರದ ಕೋಶಕೇಂದ್ರದ ಮೂಲಕ ಸರಾಸರಿ ನಾಲ್ಕೇ ನಾಲ್ಕು ಜಾಡುಗಳು ಹಾಯುತ್ತವೆ. ಹೀಗಾಗಿ ಪ್ರಮಾಣ ಕಡಿಮೆಯಿದ್ದಾಗ ಎಷ್ಟೋ ಕೋಶಗಳಿಗೆ ಏನೂ ತಗಲುವುದಿಲ್ಲ, ತಗಲಿದ ಕೋಶ ಮಾತ್ರ ಜರ್ಜರಿತವಾಗುತ್ತದೆ.

ಡಿಎನ್‌ಎ ಸುರುಳಿಯ ಅಗಲ ಸುಮಾರು 2 ನ್ಯಾನೋಮೀಟರ್. ಮೈಕ್ರೋಮೀಟರಿಗೆ 100 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನಷ್ಟು ಶಕ್ತಿ ಬಿಡುವ ಜಾಡಿನಲ್ಲಿ ಒಂದು ಅಯಾನೀಕರಣಕ್ಕೂ (ಅಣುವಿನಿಂದ ಎಲೆಕ್ಟ್ರಾನ್ ಕಿತ್ತುಹೋಗುವುದಕ್ಕೂ) ಮುಂದಿನದಕ್ಕೂ ಇರುವ ಅಂತರವೂ ಹೆಚ್ಚುಕಡಿಮೆ ಅಷ್ಟೇ ಆದ್ದರಿಂದ, ಒಂದೇ ಅಯಾನು ಎರಡೂ ಎಳೆಗಳನ್ನು ಕತ್ತರಿಸಿ, ಪಕ್ಕದ ಬೇಸ್‌ಗಳನ್ನೂ (ಡಿಎನ್‌ಎಯ ಅಕ್ಷರಗಳನ್ನೂ) ಕೆಡಿಸಿಬಿಡುವ ಸಂಭವ ಬಹಳ ಹೆಚ್ಚು. ಇದಕ್ಕಿಂತ ತುಂಬ ದಟ್ಟವಾದ ಜಾಡಿನಲ್ಲಿ, ಈಗಾಗಲೇ ಸಾಯಲಿರುವ ಕೋಶದ ಮೇಲೆಯೇ ಮತ್ತಷ್ಟು ಶಕ್ತಿ ಪೋಲಾಗುವುದರಿಂದ, ಪ್ರತಿ ಗ್ರೇಗೆ ಆಗುವ ಪರಿಣಾಮ ಇಳಿಯತೊಡಗುತ್ತದೆ.

ಡಿಎನ್‌ಎಯಲ್ಲಿ ಬಿಡಿಬಿಡಿಯಾಗಿ ಆದ ಕಡಿತಗಳನ್ನು ಕೋಶವು ಬಹುಮಟ್ಟಿಗೆ ಸರಿಯಾಗಿಯೇ ಬೆಸೆಯುತ್ತದೆ. ಆದರೆ ಒತ್ತೊತ್ತಾಗಿ ಆದ ಗಾಯಗಳಲ್ಲಿ ತುದಿಗಳೇ ಹಾಳಾಗಿರುವುದರಿಂದ ದುರಸ್ತಿ ನಿಧಾನವಾಗುತ್ತದೆ, ಮತ್ತು ಆ ಅವಧಿಯಲ್ಲಿ ಒಂದು ವರ್ಣತಂತುವಿನ ತುದಿ ಇನ್ನೊಂದರ ತುದಿಗೆ ಅಂಟಿಕೊಳ್ಳುತ್ತದೆ.

ಇದನ್ನು ಕಣ್ಣಾರೆ ಕಾಣುವ ವಿಧಾನವೂ ಇದೆ. ರಕ್ತದ ಲಿಂಫೋಸೈಟ್‌ಗಳನ್ನು (ಒಂದು ಬಗೆಯ ಬಿಳಿ ರಕ್ತಕಣಗಳನ್ನು) ಸುಮಾರು 48 ಗಂಟೆ ಬೆಳೆಸಿ, ಕೊಲ್ಸೆಮಿಡ್ ಎಂಬ ರಾಸಾಯನಿಕ ಹಾಕಿ ವಿಭಜನೆಯನ್ನು ನಡುವೆಯೇ ತಡೆದು, ಉಬ್ಬಿಸಿದ ಕೋಶಗಳನ್ನು ಗಾಜಿನ ಪಟ್ಟಿಯ ಮೇಲೆ ಹನಿಹನಿಯಾಗಿ ಬೀಳಿಸಿದರೆ 46 ವರ್ಣತಂತುಗಳೂ ಹರಡಿಕೊಂಡು ಕಾಣುತ್ತವೆ. ವರ್ಣತಂತುವಿಗೆ ಒಂದು ಸೊಂಟ (ಸೆಂಟ್ರೊಮಿಯರ್) ಇರಬೇಕಾದಲ್ಲಿ ಎರಡು ಸೊಂಟಗಳಿದ್ದರೆ ಅದು ಡೈಸೆಂಟ್ರಿಕ್. ಅದರ ಹತ್ತಿರವೇ ಸೊಂಟವಿಲ್ಲದ ತುಂಡೊಂದು ಅನಾಥವಾಗಿ ಬಿದ್ದಿರುತ್ತದೆ. ಪ್ರತಿ ಜೋಡಿಗೂ ಬೇರೆ ಬಣ್ಣ ಹಚ್ಚುವ ತಂತ್ರದಲ್ಲಿ, ಭಾರ ಅಯಾನು ಹಾಯ್ದ ಕೋಶದ ಒಂದೇ ವರ್ಣತಂತುವಿನಲ್ಲಿ ಮೂರು ನಾಲ್ಕು ಬಣ್ಣಗಳು ಕಾಣುವುದು ಅಪರೂಪವಲ್ಲ. ಗಾಮಾ ಕಿರಣದ ಕಡಿಮೆ ಪ್ರಮಾಣದಲ್ಲಿ ಇಂಥ ಜಟಿಲ ಅದಲುಬದಲು ವಿರಳ.

ಆದರೆ ಎಣಿಕೆಯಲ್ಲೊಂದು ಮೋಸವಿದೆ, ಇದನ್ನು ಬಹಳ ಕಾಲ ಲಘುವಾಗಿ ನೋಡಲಾಯಿತು ಎಂಬುದು ನನ್ನ ಅನಿಸಿಕೆ. ಹೆಚ್ಚು ಗಾಯಗೊಂಡ ಕೋಶಗಳು ವಿಭಜನೆಗೆ ತಡವಾಗಿ ಬರುತ್ತವೆ ಅಥವಾ ಬರುವುದೇ ಇಲ್ಲವಾದ್ದರಿಂದ, ಒಂದೇ ಹೊತ್ತಿನಲ್ಲಿ ಎಣಿಸಿದಾಗ ಹಾನಿ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಕ್ಯಾಲಿಕ್ಯುಲಿನ್-ಎ ಎಂಬ ರಾಸಾಯನಿಕ ಬಳಸಿ, ವಿಭಜನೆಗೆ ಕಾಯದೆ ವರ್ಣತಂತುಗಳನ್ನು ಅಕಾಲದಲ್ಲಿ ಸಾಂದ್ರಗೊಳಿಸಿ ಎಣಿಸುವುದು ಈ ಕೊರತೆಯನ್ನು ತುಂಬಲೆಂದೇ.

ಪ್ರಶ್ನೆ: ಇಷ್ಟು ಅಪಾಯಕಾರಿಯಾದರೆ ಕ್ಯಾನ್ಸರ್ ಚಿಕಿತ್ಸೆಗೆ ಇಂಗಾಲದ ಅಯಾನುಗಳನ್ನು ಬಳಸುವುದು ಹೇಗೆ?

ಉತ್ತರ: ದುರಸ್ತಿಯಾಗದ ಗಾಯವೇ ಅಲ್ಲಿ ಬೇಕಾದದ್ದು. ಅಯಾನು ನಿಲ್ಲುವ ಮುನ್ನ, ಪಯಣದ ಕೊನೆಯಲ್ಲಿ ಅತಿ ಹೆಚ್ಚು ಶಕ್ತಿಯನ್ನು ಬಿಡುವುದರಿಂದ, ಆ ಕೊನೆಯನ್ನು ಗೆಡ್ಡೆಯೊಳಗೆ ಬೀಳುವಂತೆ ಹೊಂದಿಸುತ್ತಾರೆ. ಜಪಾನಿನ ಚೀಬಾದಲ್ಲಿ 1994ರಿಂದ ಈ ಚಿಕಿತ್ಸೆ ನಡೆಯುತ್ತಿದೆ. ಆದರೂ ದಾರಿಯಲ್ಲಿ ಒಡೆದ ಅಯಾನುಗಳ ಹಗುರ ಚೂರುಗಳು ಗೆಡ್ಡೆಯನ್ನು ದಾಟಿ ಸ್ವಲ್ಪ ಮುಂದಕ್ಕೆ ಹೋಗುತ್ತವೆ. ಪ್ರಮಾಣ ನಿಗದಿ ಮಾಡುವಾಗ ಅದನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ.